ಐದನೆಯ ಸಾಲು

"ನನ್ನ ಹತ್ತಿರ ಎಲ್ಲ ಹಸಿರಾಗೇ ಇದೆ ಮೇಡಂ," ಎಂದ ಅವನು ಫೋನಿನಲ್ಲಿ.

"ನನ್ನ ಹತ್ತಿರ ಹದಿನಾಲ್ಕು ಜನ ಕಣ್ಣಿಗೆ ಔಷಧಿ ಹಾಕಿಸ್ಕೊಂಡು ಕೂತಿದ್ದಾರೆ," ಎಂದಳು ಅವಳು. "ಅವರಿಗೆ ಹಸಿರೂ ಕಾಣ್ತಿಲ್ಲ, ಕೆಂಪೂ ಕಾಣ್ತಿಲ್ಲ."

ಆ ಕಡೆ ಕೀಲಿಮಣೆಯ ಸದ್ದು. ಆಮೇಲೆ ಅದೇ ಮೆತ್ತಗಿನ ದನಿ. "ಮತ್ತೊಂದ್ಸಲ ನೋಡ್ತೀನಿ ಮೇಡಂ."

ಅವಳು ಫೋನ್ ಇಟ್ಟಳು. ಹನ್ನೊಂದು ದಿನದಿಂದ ಇದೇ ಮಾತು, ಇದೇ ಮೇಡಂ.

ಕಣ್ಣಾಸ್ಪತ್ರೆಯ ಮೊದಲ ಮಹಡಿಯಲ್ಲಿ, ಕಿಟಕಿಗೆ ಕಪ್ಪು ಪರದೆ ಎಳೆದ ಕೋಣೆ ಅವಳದು. ಕಣ್ಣಿನ ಒಳಗೋಡೆಯ ಫೋಟೋ ತೆಗೆಯುವುದು ಅವಳ ಕೆಲಸ. ದಿನಕ್ಕೆ ಎಂಬತ್ತು ಸಲ ಒಂದೇ ಮಾತು ಹೇಳಬೇಕು: "ಗದ್ದ ಇಲ್ಲಿಡಿ, ಹಣೆ ಒತ್ತಿ, ರೆಪ್ಪೆ ಬಡೀಬೇಡಿ." ಹಾಗಾಗಿ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ರೆಪ್ಪೆ ಎಂದೇ. ಕೆಳಗೆ ಮೆಟ್ಟಿಲ ಅಡಿಯ ಪುಟ್ಟ ತಂಪು ಕೋಣೆಯಲ್ಲಿ ಕೂತು ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಅವನಿಗೂ ಒಂದು ಹೆಸರಿತ್ತು. ಯಾರು ಏನೇ ದೂರು ಹೇಳಿದರೂ ಮೊದಲು ತನ್ನ ಕಂಪ್ಯೂಟರ್ ಪರದೆ ನೋಡಿ "ಹಸಿರಾಗೇ ಇದೆ" ಎನ್ನುವ ಅವನು ಎಲ್ಲರ ಬಾಯಲ್ಲಿ ಹಸಿರು.

ಹನ್ನೊಂದು ದಿನದ ಹಿಂದೆ ಅವಳ ಕೋಣೆಗೆ ಹೊಸ ಕ್ಯಾಮೆರಾ ಬಂದಿತ್ತು. ಅಂದಿನಿಂದ, ಕ್ಷಣದಲ್ಲಿ ಡಾಕ್ಟರ ಕೋಣೆ ಸೇರಬೇಕಾದ ಫೋಟೋಗಳು ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದವು. ಕೆಲವು ಅರ್ಧವೇ ತಲುಪುತ್ತಿದ್ದವು. ಮೇಲರ್ಧ ಕಿತ್ತಳೆ ಬಣ್ಣದ ಚೆಂದದ ಕಣ್ಣು, ಕೆಳಗರ್ಧ ಬರೀ ಬೂದು.

ಅವಳ ಸಿಟ್ಟು ಅಷ್ಟಕ್ಕೇ ಆಗಿದ್ದರೆ ಸುಲಭವಿತ್ತು.

ಹೋದ ವರ್ಷದವರೆಗೆ ಅವನು ಅವಳನ್ನು ಮೇಡಂ ಎನ್ನುತ್ತಿರಲಿಲ್ಲ. ಕಂಪ್ಯೂಟರ್ ಸರಿಮಾಡಲು ಬಂದವನು ಕೆಲಸ ಮುಗಿದ ಮೇಲೂ ಕ್ಯಾಮೆರಾದ ಮುಂದೆ ಗದ್ದ ಇಟ್ಟು ಕೂರುತ್ತಿದ್ದ. "ನನ್ನ ಕಣ್ಣೊಳಗೆ ಏನಾದ್ರೂ ಕಾಣುತ್ತಾ ನೋಡಿ." ಅವಳು ನೋಡುತ್ತಿದ್ದಳು. "ನಿದ್ದೆ ಕಮ್ಮಿ ಅಂತ ಕಾಣುತ್ತೆ," ಎನ್ನುತ್ತಿದ್ದಳು. ಅಂಥದ್ದೇ ಒಂದು ಸಂಜೆ ಅವನು ಗದ್ದವನ್ನು ಅಲ್ಲಿಂದ ತೆಗೆಯದೆ, ಅವಳತ್ತ ನೇರ ನೋಡುವುದು ತಪ್ಪಿಸಲು ಅದಕ್ಕಿಂತ ಒಳ್ಳೆಯ ಜಾಗ ಸಿಗದು ಎಂಬಂತೆ, ಕೇಳಿದ್ದ: "ಅಮ್ಮನಿಗೆ ನಿಮ್ಮನ್ನ ನೋಡ್ಬೇಕಂತೆ. ಭಾನುವಾರ ಮನೆಗೆ ಬರ್ತೀರಾ?"

"ಈಗ ಆಗಲ್ಲ," ಎಂದಿದ್ದಳು ಅವಳು.

ನಿಜಕ್ಕೂ ಆಗುತ್ತಿರಲಿಲ್ಲ. ಅಪ್ಪ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದು ಒಂದು ವಾರವಾಗಿತ್ತು. ಭಾನುವಾರ ಅಪ್ಪನ ಮೈ ಒರೆಸಿ, ತಲೆ ತೊಳೆದು, ಹಾಸಿಗೆ ಬದಲಿಸುವ ದಿನ. ಅದನ್ನೆಲ್ಲ ವಿವರಿಸುವಷ್ಟು ಗಟ್ಟಿ ಆಗ ಅವಳಿರಲಿಲ್ಲ. ಮುಂದಿನ ತಿಂಗಳು ಮತ್ತೆ ಕೇಳಿಯಾನು ಎಂದುಕೊಂಡಳು. ಅವನು ಮತ್ತೆ ಕೇಳಲೇ ಇಲ್ಲ. ಮರುದಿನದಿಂದ ಅವಳು ಮೇಡಂ ಆದಳು. ಅವನ ಮರ್ಯಾದೆ ಎಷ್ಟು ನುಣುಪಾಗಿತ್ತೆಂದರೆ, ಹಿಡಿದು ಜಗಳವಾಡಲು ಒಂದು ಅಂಚೂ ಸಿಗುತ್ತಿರಲಿಲ್ಲ.

ಈಗ ಅವಳ ಮೇಜಿನ ಡ್ರಾಯರಿನಲ್ಲಿ ದೊಡ್ಡ ಡಾಕ್ಟರು ಕೊಟ್ಟ ಒಂದು ಕಾಗದವಿತ್ತು. ರೈಲಿನಲ್ಲಿ ಮೂರು ತಾಸು ದೂರದ ಊರಿನಲ್ಲಿ ಆಸ್ಪತ್ರೆಯ ಹೊಸ ಶಾಖೆ ತೆರೆಯುತ್ತಿದೆ. ಅಲ್ಲಿ ಫೋಟೋ ವಿಭಾಗವನ್ನು ಕಟ್ಟಿ ನಿಲ್ಲಿಸಬೇಕು. ಹೋಗುತ್ತೇನೆ ಎಂದು ಅವಳು ಆಗಲೇ ಹೇಳಿಯಾಗಿತ್ತು. ಆ ಕೆಲಸ ಅವಳಿಗೆ ಬೇಕಿತ್ತು. ಕಾಗದದಲ್ಲಿ ಉಳಿದದ್ದು ಎರಡು ಚೌಕ: ಆರು ತಿಂಗಳು, ಇಲ್ಲವೇ ಕಾಯಂ. ಒಂದಕ್ಕೆ ಗುರುತು ಹಾಕಿ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಕೊಡಬೇಕು.

ಅಪ್ಪ ಈಗ ಕೋಲು ಹಿಡಿದು ಓಡಾಡುತ್ತಿದ್ದರು. "ನನ್ನ ಚಿಂತೆ ಬಿಡು. ನಿನ್ನ ತಂಗಿ ಮನೇಲಿ ಇರ್ತೀನಿ. ಅವಳ ಗಂಡನಿಗೆ ನನ್ನ ಜೊತೆ ವಾದ ಮಾಡೋದು ಇಷ್ಟ, ಸೋತರೂ," ಎಂದಿದ್ದರು. ಆರು ತಿಂಗಳು ಎಂದು ಬರೆಯಲು ವಾಪಸು ಬರುವುದಕ್ಕೊಂದು ಕಾರಣ ಬೇಕು. ತನ್ನನ್ನು ಮೇಡಂ ಎನ್ನುವ ಒಬ್ಬ ಮನುಷ್ಯ ಕಾರಣವಾಗುತ್ತಾನೆಯೇ?

ಅಂದು ಗುರುವಾರ ಬೆಳಿಗ್ಗೆ. ಅವಳು ಕೆಳಗಿಳಿದು ಹೋದಳು.

ಮೆಟ್ಟಿಲ ಅಡಿಯ ಕೋಣೆಗೆ ಬಾಗಿಲು ಗಿಡ್ಡ. ಒಂದು ವರ್ಷದಲ್ಲಿ ಅದನ್ನು ಮರೆತಿದ್ದ ಅವಳು ನೆಟ್ಟಗೆ ನುಗ್ಗಿದಳು. ತಲೆಗೆ ಬಡಿಯಬೇಕಿದ್ದ ಕಬ್ಬಿಣದ ತೊಲೆಯ ಬದಲು ಬಡಿದದ್ದು ಬೆಚ್ಚಗಿನ ಅಂಗೈ. ಅವನು ಕುರ್ಚಿಯಿಂದ ಅರ್ಧ ಎದ್ದು ಕೈ ಚಾಚಿ ತೊಲೆಗೆ ಅಡ್ಡ ಹಿಡಿದಿದ್ದ.

"ಬಾಗಿಲು ಗಿಡ್ಡ," ಎಂದ, ಕೈ ತೆಗೆಯದೆ.

"ಗೊತ್ತಾಯ್ತು," ಎಂದಳು, ತಲೆ ತೆಗೆಯದೆ.

ಆಮೇಲೆ ಇಬ್ಬರೂ ಒಟ್ಟಿಗೇ ಹಿಂದೆ ಸರಿದರು. ಅವನು ಒಂದೇ ಒಂದು ಸ್ಟೂಲನ್ನು ಅವಳತ್ತ ತಳ್ಳಿ, ಪರದೆಯನ್ನು ತಿರುಗಿಸಿದ.

ನಾಲ್ಕು ಸಾಲುಗಳು. ಹೊರರೋಗಿಗಳು, ಆಪರೇಷನ್ ಥಿಯೇಟರ್, ಔಷಧಿ ಕೌಂಟರ್, ಡಾಕ್ಟರ ಕೋಣೆಗಳು. ಇಡೀ ಆಸ್ಪತ್ರೆಯ ಮಾಹಿತಿ ಓಡಾಡುವ ನಾಲ್ಕು ದಾರಿಗಳು ಅವು. ಪ್ರತಿ ದಾರಿಗೂ ಈ ಸರ್ವರಿನಲ್ಲಿ ಒಂದೊಂದು ನೆಟ್‌ವರ್ಕ್ ಕಾರ್ಡ್. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಕೆಟ್ಟಿತು ಎಂಬ ಲೆಕ್ಕ ಉದ್ದನೆಯ ಅಂಕಿಗಳಲ್ಲಿ. ಕೊನೆಗೆ ಹಸಿರು ಚುಕ್ಕೆ. ಪ್ರೋಗ್ರಾಂ ಅವನೇ ಬರೆದದ್ದು.

"ಇಲ್ಲಿ ಎರಡು ಕಾಲಂ ಯಾಕೆ? ಎರಡರಲ್ಲೂ 'ಚಾಲೂ' ಅಂತಲೇ ಇದೆಯಲ್ಲ," ಎಂದಳು.

"ಇದು ನಾವು ಹೇಗಿರ್ಲಿ ಅಂತ ಹೇಳಿರೋದು. ಪಕ್ಕದ್ದು ನಿಜವಾಗಿ ಹೇಗಿದೆ ಅನ್ನೋದು."

"ಎರಡೂ ಬೇರೆ ಆಗೋದು ಇದ್ಯಾ?"

"ಇದೆ." ಅವನು ಪರದೆಯನ್ನೇ ನೋಡುತ್ತಿದ್ದ. "ನಾವು ಈ ಕಡೆ ಆನ್ ಮಾಡಿಟ್ಟಿರ್ತೀವಿ. ಆ ಕಡೆಯಿಂದ ಕೇಬಲ್ ಬಂದಿರಲ್ಲ."

"ಆ ಕಡೆಯವರಿಗೆ ಗೊತ್ತಿರುತ್ತಾ, ಈ ಕಡೆ ಆನ್ ಇದೆ ಅಂತ?"

ಅವನ ಕಿವಿಯ ತುದಿ ಕೆಂಪಾಯಿತು. ಅವಳು ಫೋಟೋ ನೋಡುವಂತೆ ಪರದೆಯನ್ನು ಒಮ್ಮೆ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ನೋಡಿ, ತಲೆ ಬಗ್ಗಿಸಿ ಹೊರಟುಹೋದಳು.

ಸಂಜೆ ನಾಲ್ಕಕ್ಕೆ ಮತ್ತೆ ಬಂದಳು. ಈ ಸಲ ಕೈಯಲ್ಲಿ ಎರಡು ಲೋಟ ಚಹಾ. ಒಂದನ್ನು ಅವನ ಮುಂದಿಟ್ಟು, ಇನ್ನೊಂದನ್ನು ಹಿಡಿದೇ ಪರದೆಯತ್ತ ಬಗ್ಗಿದಳು.

"ಇದು ಹಳೇ ಫೋಟೋ," ಎಂದಳು.

"ಏನು?"

"ಔಷಧಿ ಕೌಂಟರ್ ಸಾಲು ನೋಡಿ. ಕೊನೇ ಮೂರು ಅಂಕಿ ನಾನೂರ ಹದಿನೇಳು. ಬೆಳಿಗ್ಗೆನೂ ನಾನೂರ ಹದಿನೇಳೇ ಇತ್ತು. ಆಮೇಲೆ ಅಲ್ಲಿ ಕಡಿಮೆ ಅಂದ್ರೂ ಇನ್ನೂರು ಜನ ಔಷಧಿ ತಗೊಂಡಿದ್ದಾರೆ. ಒಂದು ಚೀಟಿಯೂ ಓಡಾಡಿಲ್ವಾ?"

ಅವನು ಲೋಟ ಕೆಳಗಿಟ್ಟ.

"ನನ್ನ ಕೆಲಸನೇ ಅದು," ಎಂದಳು. "ಹೋದ ವರ್ಷದ ಕಣ್ಣು, ಈ ವರ್ಷದ ಕಣ್ಣು ಪಕ್ಕಪಕ್ಕ ಇಟ್ಟು ನೋಡೋದು. ಎರಡೂ ಒಂದೇ ತರ ಇದ್ರೆ ನಾನು ಸಂತೋಷ ಪಡಲ್ಲ. ಹಳೇ ಫೋಟೋನೇ ಎರಡು ಸಲ ತೆಗೆದಿಟ್ಟಿದ್ದೀನಾ ಅಂತ ಮೊದಲು ನೋಡ್ತೀನಿ."

ಅವನು ಕೀಲಿಮಣೆಯ ಮೇಲೆ ಬಗ್ಗಿದ. ಐದು ನಿಮಿಷ ಬೆರಳ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಕುರ್ಚಿಗೆ ಒರಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಹೇಳಿ," ಎಂದಳು.

"ನಗಬಾರದು."

"ನಕ್ಕರೆ ಚಹಾ ಚೆಲ್ಲುತ್ತೆ. ನಗಲ್ಲ."

"ನಮ್ಮ ಸ್ಟೋರ್ ಅಜ್ಜ ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಹತ್ತಿ, ಪಟ್ಟಿ, ಬಾಟಲಿಗಳನ್ನು ಕಾಯುವ ಮುದುಕ. ಬರಿಗೈಲಿ ಹೋದರೆ ಏನೂ ಕೊಡರು. ಎಷ್ಟಿದೆ ಎಂದು ಮೊದಲು ಕೇಳಬೇಕು, ಅಷ್ಟು ಹಿಡಿಯುವ ಟ್ರೇ ತಂದು ಮತ್ತೆ ಕೇಳಬೇಕು. ಟ್ರೇ ಚಿಕ್ಕದಾದರೆ ಒಂದು ಬಾಟಲಿಯನ್ನೂ ಇಡದೆ, ಜಾಗ ಸಾಲಲ್ಲ ಎಂದು ಕಿಟಕಿ ಮುಚ್ಚಿಬಿಡುವರು.

"ಕಂಪ್ಯೂಟರ್ ಒಳಗೂ ಅಂಥ ಒಬ್ಬ ಅಜ್ಜ ಇದ್ದಾನೆ. ಕರ್ನಲ್ ಅಂತ, ಇಡೀ ಯಂತ್ರ ನಡೆಸೋ ಮೂಲ ಪ್ರೋಗ್ರಾಂ. ಎಷ್ಟು ಕಾರ್ಡ್ ಇದೆ, ಯಾವುದರಲ್ಲಿ ಎಷ್ಟು ಓಡ್ತಿದೆ, ಎಲ್ಲ ಲೆಕ್ಕ ಅವನ ಹತ್ತಿರನೇ ಇರೋದು. ಬೇರೆ ಯಾರೂ ಕೈ ಹಾಕೋ ಹಾಗಿಲ್ಲ, ಅವನನ್ನ ಕೇಳ್ಬೇಕು. ಮೊದಲು ಪಟ್ಟಿ ಎಷ್ಟು ದೊಡ್ಡದು ಅಂತ ಕೇಳೋದು. ಅಷ್ಟು ಜಾಗ ಮಾಡ್ಕೊಂಡು, ಈಗ ಕೊಡು ಅನ್ನೋದು."

"ಸರಿ. ನೀವೇನು ಮಾಡಿದ್ರಿ?"

"ಪ್ರೋಗ್ರಾಂ ಶುರುವಾದಾಗ ಒಂದೇ ಸಲ ಕೇಳಿದೆ. ನಾಲ್ಕು ಅಂದ. ನಾಲ್ಕಕ್ಕೆ ಜಾಗ ಮಾಡ್ಕೊಂಡೆ. ಆಮೇಲೆ ದಿನಾ ಅದೇ ಟ್ರೇ ಹಿಡ್ಕೊಂಡು ಹೋಗ್ತಿದ್ದೆ." ಅವನ ದನಿ ಇಳಿಯಿತು. "ನಿಮ್ಮ ಹೊಸ ಕ್ಯಾಮೆರಾ ತಂದವರು ನಾನಿಲ್ಲದಾಗ ಅದಕ್ಕೇ ಅಂತ ಬೇರೆ ಕಾರ್ಡ್ ಚುಚ್ಚಿ ಹೋಗಿದ್ದಾರೆ. ನನಗೆ ಗೊತ್ತಿರ್ಲಿಲ್ಲ. ನಾಲ್ಕು ಐದಾಯ್ತು. ಹನ್ನೊಂದು ದಿನದಿಂದ ಕರ್ನಲ್ ಜಾಗ ಸಾಲಲ್ಲ ಅಂತಿದೆ."

"ಮತ್ತೆ ಹಸಿರು ಎಲ್ಲಿಂದ ಬಂತು?"

"ಉತ್ತರ ಬರದಿದ್ರೆ ಹಳೇ ಉತ್ತರನೇ ತೋರಿಸು ಅಂತ ನಾನೇ ಬರೆದಿದ್ದೆ. ಸುಮ್ಮನೆ ಕೆಂಪು ಬಂದ್ರೆ ದೊಡ್ಡ ಡಾಕ್ಟರು ಗಾಬರಿ ಆಗ್ತಾರೆ ಅಂತ."

ಅವಳು ಮಾತು ಕೊಟ್ಟಂತೆ ನಗಲಿಲ್ಲ. ತುಟಿ ಬಿಗಿಹಿಡಿದು ಚಾವಣಿ ನೋಡಿದಳು. ಅವಳ ಭುಜ ಅಲುಗುತ್ತಿದ್ದುದನ್ನು ನೋಡಿ ಅವನೇ ಮೊದಲು ನಕ್ಕ. ಒಂದು ವರ್ಷದ ನಂತರ ಕೇಳಿದ ನಗು.

ಪ್ರತಿ ಸಲವೂ ಹೊಸದಾಗಿ ಕೇಳುವಂತೆ, ಜಾಗ ಸಾಲಲ್ಲ ಎಂದರೆ ದೊಡ್ಡ ಟ್ರೇ ತಂದು ಮತ್ತೆ ಕೇಳುವಂತೆ ಅವನು ತಿದ್ದಿದ. ಪರದೆ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿತು. ಈಗ ಐದು ಸಾಲು. ಐದನೆಯದಕ್ಕೆ ಹೆಸರೇ ಇರಲಿಲ್ಲ. ಚುಕ್ಕೆ ಕಡುಕೆಂಪು, ಕೆಟ್ಟದ್ದರ ಲೆಕ್ಕ ಅರವತ್ತೊಂದು ಸಾವಿರ.

"ಇದು ನಾನಾ?"

"ನೀವೇ."

"ಹನ್ನೊಂದು ದಿನ ನಾನು ನಿಮ್ಮ ಪಟ್ಟಿಯಲ್ಲೇ ಇರ್ಲಿಲ್ಲ."

ಅವನು ಬೆರಳಿನಿಂದ ಮೆಲ್ಲಗೆ ಕೀಲಿಗಳನ್ನೊತ್ತಿ ಐದನೆಯ ಸಾಲಿಗೆ ಹೆಸರು ಕೊಟ್ಟ. ಕ್ಯಾಮೆರಾ ಕೋಣೆ ಎಂದು ಬರೆಯುತ್ತಾನೆ ಎಂದುಕೊಂಡಿದ್ದಳು. ಅವನು ರೆಪ್ಪೆ ಎಂದು ಬರೆದ.

ಕೆಟ್ಟದ್ದರ ಲೆಕ್ಕ ಒಂದೇ ಸಮ ಏರುತ್ತಿರಲಿಲ್ಲ. ಸುಮ್ಮನಿದ್ದು ಸುಮ್ಮನಿದ್ದು ಒಮ್ಮೆಲೇ ಜಿಗಿಯುತ್ತಿತ್ತು. ಅವನು ಅವಳನ್ನು ಮೇಲೆ ಕಳಿಸಿ ಫೋನ್ ಮಾಡಿದ. ರೋಗಿಗಳೆಲ್ಲ ಹೋಗಿಯಾಗಿತ್ತು. ಹಿರಿಯ ನರ್ಸ್ ಒಬ್ಬರು ಮಾತ್ರ ಕಿಟಕಿಯ ಪರದೆ ಮಡಿಸುತ್ತಿದ್ದರು.

"ರೋಗಿ ಕೂರೋ ಕುರ್ಚಿ ಇದ್ಯಲ್ಲ, ಅದರಲ್ಲಿ ಕೂತ್ಕೊಳ್ಳಿ."

ಕೂತಳು.

"ಹನ್ನೆರಡು ಕೆಟ್ಟಿತು. ಏಳಿ."

ಎದ್ದಳು.

"ನಿಂತ್ಹೋಯ್ತು. ಮತ್ತೆ ಕೂತ್ಕೊಳ್ಳಿ."

"ನನ್ನ ತೂಕ ನೋಡ್ತಿದ್ದೀರಾ?"

"ಮತ್ತೆ ಹನ್ನೆರಡು. ತೂಕ ಏನೂ ಜಾಸ್ತಿ ಆಗಿಲ್ಲ."

ಹಿರಿಯ ನರ್ಸ್ ಇದನ್ನೆಲ್ಲ ನೋಡಿ, "ಏನೇ ಇದು, ಏಳೋದು ಕೂರೋದು, ನಿಮ್ಮಿಬ್ಬರ ಆಟ? ಸರಿ, ನಾನೂ ಕೂತು ನೋಡ್ತೀನಿ," ಎಂದು ಧೊಪ್ಪೆಂದು ಕೂತರು.

"ಅಯ್ಯೋ. ಎಪ್ಪತ್ತು," ಎಂದ ಅವನು.

"ಏನಂತೆ?" ಎಂದರು ನರ್ಸ್.

"ಏನಿಲ್ಲ ಅಕ್ಕ, ಹಸಿರಂತೆ," ಎಂದಳು ಅವಳು.

ಯಾರಾದರೂ ಕೂತು ಕುರ್ಚಿ ಕೆಳಗಿಳಿದಾಗಲೆಲ್ಲ ಅದರ ಕಾಲು ಹೊಸ ಕೇಬಲ್ಲನ್ನು ನೆಲಕ್ಕೆ ಒತ್ತುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವನು ಹೊಸ ಕೇಬಲ್ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದು ಕುರ್ಚಿಯ ಕೆಳಗೆ ಮಲಗಿದ. ಅವನ ಬೂಟುಗಳಷ್ಟೇ ಹೊರಗೆ. ಅವಳು ಟಾರ್ಚ್ ಹಿಡಿದು ಪಕ್ಕದಲ್ಲಿ ಮೊಣಕಾಲೂರಿ ಕೂತಳು. ಮುಖ ಕಾಣದಿದ್ದಾಗ ಕೇಳುವುದು ಸುಲಭ ಎಂದು ಒಂದು ವರ್ಷದ ಹಿಂದೆ ಅವನೇ ತೋರಿಸಿಕೊಟ್ಟಿದ್ದ.

"ಒಂದು ಮಾತು ಕೇಳ್ಲಾ? ಆ ಪ್ರೋಗ್ರಾಂ ಒಂದೇ ಸಲ ಕೇಳಿ ಯಾಕೆ ಸುಮ್ಮನಾಗ್ತಿತ್ತು?"

"ಪದೇ ಪದೇ ಕೇಳಿ ತೊಂದರೆ ಕೊಡೋದು ಬೇಡ ಅಂತ."

"ಕರ್ನಲ್‌ಗೆ ತೊಂದರೆ ಆಗುತ್ತಾ?"

"ಇಲ್ಲ. ಎಷ್ಟು ಸಲ ಕೇಳಿದ್ರೂ ಹೇಳುತ್ತೆ."

"ಮತ್ತೆ ತೊಂದರೆ ಯಾರಿಗೆ?"

ಕುರ್ಚಿಯ ಕೆಳಗೆ ಸ್ಕ್ರೂ ತಿರುಗುವ ಸದ್ದು ನಿಂತಿತು.

"ಕೇಳೋನಿಗೆ," ಎಂದ ಅವನು ಕೊನೆಗೆ. "ಭಯ ಇರುತ್ತಲ್ಲ."

ಅವಳು ಟಾರ್ಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಹೋದ ವರ್ಷ ಅಪ್ಪ ಸೊಂಟ ಮುರ್ಕೊಂಡು ಮಲಗಿದ್ರು. ಭಾನುವಾರ ಅಂದ್ರೆ ಅವರಿಗೆ ಸ್ನಾನ ಮಾಡಿಸೋ ದಿನ. ಅದಕ್ಕೇ ಈಗ ಆಗಲ್ಲ ಅಂದಿದ್ದು. ಈಗ ಅವರೇ ಓಡಾಡ್ತಾರೆ. ಎಂಟು ತಿಂಗಳಿಂದ ನನ್ನ ಭಾನುವಾರಗಳೆಲ್ಲ ಖಾಲಿ." ಉಸಿರು ತೆಗೆದುಕೊಂಡಳು. "ಇನ್ನೊಂದು ವಿಷಯ. ಹೊಸ ಶಾಖೆಗೆ ಹೋಗ್ತಿದ್ದೀನಿ. ಆರು ತಿಂಗಳೋ ಕಾಯಮ್ಮೋ ಅಂತ ನಾಳೆ ಮಧ್ಯಾಹ್ನದೊಳಗೆ ಬರೆದು ಕೊಡ್ಬೇಕು."

ಅವನು ಎಷ್ಟು ಅವಸರದಲ್ಲಿ ಹೊರಗೆ ಬಂದನೆಂದರೆ ಹಣೆ ಕುರ್ಚಿಯ ಅಂಚಿಗೆ ಬಡಿಯಿತು. ಈ ಸಲ ಅಡ್ಡ ಹಿಡಿಯಲು ಯಾರ ಅಂಗೈಯೂ ಇರಲಿಲ್ಲ. ಹಣೆ ಒತ್ತಿಕೊಂಡೇ ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ಹಿರಿಯ ನರ್ಸ್. "ಹಸಿರು, ಥಿಯೇಟರಲ್ಲಿ ಕಂಪ್ಯೂಟರ್ ಪರದೆ ಕಪ್ಪಾಗಿದೆ, ದೊಡ್ಡ ಡಾಕ್ಟರು ಕೂಗ್ತಿದ್ದಾರೆ."

ಅವನು ಹೋದ. ಸಂಜೆಯವರೆಗೆ ಬರಲಿಲ್ಲ. ಅವಳು ಹೊರಡುವ ಹೊತ್ತಿಗೆ ಮೆಟ್ಟಿಲ ಅಡಿಯ ಕೋಣೆಗೆ ಬೀಗ ಬಿದ್ದಿತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ಕಾಗದ ತೆಗೆದು ನೋಡಿದಳು. ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಇನ್ನು ಅವಳ ಕೈಯಲ್ಲಿ ಏನೂ ಇರಲಿಲ್ಲ. ಪೆನ್ನೊಂದನ್ನು ಬಿಟ್ಟು.

ಶನಿವಾರ ಹನ್ನೊಂದೂವರೆ. ಹೊಸ ಕೇಬಲ್ಲಿನಲ್ಲಿ ಫೋಟೋಗಳು ಒಂದೂ ಕೆಡದೆ ಹೋಗುತ್ತಿದ್ದವು. ಕುರ್ಚಿಯಲ್ಲಿ ಒಬ್ಬ ಅಜ್ಜಿ, ಗದ್ದ ಕಟ್ಟೆಯ ಮೇಲೆ, ಹಣೆ ಪಟ್ಟಿಗೆ. ಮೇಜಿನ ಮೇಲೆ ಕಾಗದ, ಎರಡೂ ಚೌಕ ಖಾಲಿ.

"ರೆಪ್ಪೆ ಬಡೀಬೇಡಿ ಅಜ್ಜಿ," ಎನ್ನುತ್ತಿದ್ದಾಗ ಬಾಗಿಲ ಪರದೆ ಸರಿಯಿತು. ಅವನು. ಓಡಿ ಬಂದ ಉಸಿರು, ಹಣೆಯ ಮೇಲೆ ನೀಲಿ ಬುಗುಟು.

"ಭಾನುವಾರ ಮನೆಗೆ ಬರ್ತೀರಾ?" ಎಂದ. ಮೇಡಂ ಇರಲಿಲ್ಲ. "ಅಮ್ಮನಿಗೆ ನಿಮ್ಮನ್ನ ನೋಡ್ಬೇಕಂತೆ. ನನಗೂ."

ಅವಳ ಬೆರಳು ಗುಂಡಿಯ ಮೇಲಿತ್ತು, ಕಣ್ಣು ಕ್ಯಾಮೆರಾದೊಳಗೆ. ಅಜ್ಜಿಯ ಕಣ್ಣಿನ ನರಗಳು ಆಗಷ್ಟೇ ಸ್ಪಷ್ಟವಾಗುತ್ತಿದ್ದವು.

"ಈಗ ಆಗಲ್ಲ," ಎಂದಳು.

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ಹೊಳೆಯಿತು. ಹಿಂದೆ ಪರದೆ ಬಿದ್ದ ಸದ್ದು. ಬೂಟಿನ ಸದ್ದು, ಒಂದು, ಎರಡು, ಮೂರು. ಆಮೇಲೆ ಸದ್ದಿಲ್ಲ. ಆಮೇಲೆ ಅದೇ ಮೂರು ಹೆಜ್ಜೆ, ವಾಪಸು. ಪರದೆ ಮತ್ತೆ ಸರಿಯಿತು.

"ಮತ್ತೆ ಯಾವಾಗ ಕೇಳ್ಲಿ?"

"ಈ ಕಣ್ಣು ಮುಗೀಲಿ."

ಕ್ಯಾಮೆರಾ ಮಿಂಚಿತು.

"ಈಗ?"

"ಇನ್ನೊಂದು ಕಣ್ಣಿದೆ."

"ಹ್ಞೂಂ ಅಂದ್ಬಿಡಮ್ಮ," ಎಂದರು ಅಜ್ಜಿ, ಗದ್ದ ಎತ್ತದೆ, ಹಲ್ಲು ಕಚ್ಚಿಕೊಂಡೇ. "ನನ್ನ ಕಣ್ಣು ಒಣಗ್ತಿದೆ. ಪಾಪ ಆ ಹುಡುಗ ಇನ್ನೆಷ್ಟು ಸಲ ಕೇಳಿಯಾನು?"

"ಎಷ್ಟು ಸಲ ಬೇಕಾದ್ರೂ ಕೇಳ್ತೀನಿ ಅಜ್ಜಿ," ಎಂದ ಅವನು. "ನಿನ್ನೆ ರಾತ್ರಿ ಅಮ್ಮನೂ ಅದೇ ಹೇಳಿದ್ರು. ಹೋದ ವರ್ಷ ಕೇಳಿದ್ದೆ ಅಮ್ಮ, ಆಗಲ್ಲ ಅಂದ್ರು ಅಂದೆ. ಹೋದ ವರ್ಷದ ಅಂಗಿ ನಿನಗೇ ಆಗಲ್ಲ ಈಗ, ಹೋಗಿ ಮತ್ತೆ ಕೇಳು ಅಂದ್ರು."

ಎರಡನೆಯ ಸಲ ಕ್ಯಾಮೆರಾ ಮಿಂಚಿತು. ಅಜ್ಜಿಯ ಆ ಫೋಟೋ ಒಂಚೂರು ಅಲುಗಿತ್ತು. ಅಲುಗಿದ್ದು ಅಜ್ಜಿಯಲ್ಲ.

ಅವಳು ಕ್ಯಾಮೆರಾದಿಂದ ತಲೆ ಎತ್ತಿ, ಆ ದಿನ ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡಿದಳು. "ಬರ್ತೀನಿ," ಎಂದಳು. "ಈ ಭಾನುವಾರ ಬರ್ತೀನಿ. ಆಮೇಲೆ ಶಾಖೆಗೆ ಹೋದ ಮೇಲೆ ಪ್ರತಿ ಭಾನುವಾರ ನೀವು ಕೇಳ್ಬೇಕು. ಕೆಲವೊಂದು ಸಲ ಆಗಲ್ಲ ಅಂತೀನಿ."

"ಮುಂದಿನ ಭಾನುವಾರ ಮತ್ತೆ ಕೇಳ್ತೀನಿ."

"ಆಗಲೂ ಆಗದಿದ್ರೆ?"

"ರೈಲು ಹತ್ತಿ ನಾನೇ ಬರ್ತೀನಿ. ಮೂರೇ ತಾಸು."

ಅವಳು ಪೆನ್ನು ತೆಗೆದು, ಆರು ತಿಂಗಳು ಎಂಬ ಮೊದಲ ಚೌಕದಲ್ಲಿ ಗುರುತು ಹಾಕಿ, ಕಾಗದವನ್ನು ಅವನ ಕೈಗೇ ಕೊಟ್ಟಳು. ದೊಡ್ಡ ಡಾಕ್ಟರ ಕೋಣೆ ಕೆಳಗಿತ್ತು, ಗಡಿಯಾರದಲ್ಲಿ ಹನ್ನೆರಡಕ್ಕೆ ಆರು ನಿಮಿಷ. ಅವನು ಓದಿ, ಇನ್ನೊಮ್ಮೆ ಓದಿ, ಓಡಿದ. ಈ ಸಲದ ಬೂಟಿನ ಸದ್ದನ್ನು ಎಣಿಸಲಾಗಲಿಲ್ಲ.

"ಆಯ್ತಾ?" ಎಂದರು ಅಜ್ಜಿ. "ಇನ್ನು ರೆಪ್ಪೆ ಬಡೀಬಹುದಾ?"

"ಬಡೀರಿ ಅಜ್ಜಿ," ಎಂದಳು ಅವಳು. "ಆದ್ರೆ ಈ ಕಣ್ಣು ಇನ್ನೊಂದ್ಸಲ ತೆಗೀಬೇಕು."

ಈಗ ಮೆಟ್ಟಿಲ ಅಡಿಯ ಪರದೆಯಲ್ಲಿ ಆರು ಸಾಲುಗಳಿವೆ. ಆರನೆಯದು ಶಾಖೆಯದು. ಅವಳು ಬೆಳಿಗ್ಗೆ ಬೀಗ ತೆಗೆದು ಅಲ್ಲಿಯ ಯಂತ್ರ ಹಾಕಿದಾಗಷ್ಟೇ ಅದು ಮೂಡುತ್ತದೆ, ಸಾಮಾನ್ಯವಾಗಿ ಒಂಬತ್ತಕ್ಕೆ ಐದು ನಿಮಿಷವಿರುವಾಗ. ಎರಡೂ ಕಾಲಮ್ಮಿನಲ್ಲಿ ಚಾಲೂ. ಚುಕ್ಕೆ ಹಸಿರಾಗುವುದನ್ನು ಅವನು ನೋಡುತ್ತಾನೆ, ಅಂಕಿಗಳು ಕದಲುತ್ತಿವೆಯೇ ಎಂದೂ ನೋಡುತ್ತಾನೆ. ಆಮೇಲೆ ಫೋನ್ ಎತ್ತುತ್ತಾನೆ.

"ತಲುಪಿದ್ರಾ?"

"ನಿಮ್ಮ ಪರದೆ ಮೇಲೆ ಕಾಣ್ತಿದ್ಯಲ್ಲ, ಇನ್ನೂ ಯಾಕೆ ಕೇಳ್ತೀರಿ?"

"ಕೇಳ್ಬೇಕು," ಎನ್ನುತ್ತಾನೆ ಅವನು.